ವಾಲ್ವ್ ಬದಲಾದರೆ ದನಿ ಬದಲಾದೀತೇ?



ಎಲ್‌ಪಿ ರೆಕಾರ್ಡುಗಳನ್ನು ವಾಲ್ವ್ ಪ್ರಿಆಂಪ್ಲಿಫೈಯರಿನಲ್ಲಿ ಹಾಕಿಕೊಂಡು ಕೇಳುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಈಚೆಗೆ ಹೊಸಬರೂ ಸೇರಿಕೊಂಡಿದ್ದಾರೆ. ಅಂಥ ಇಬ್ಬರು ಒಂದೆಡೆ ಕೂತರೆ ರಾಗದ ಮಾತು ಬೇಗ ಮುಗಿಯುತ್ತದೆ, ವಾಲ್ವಿನ ಮಾತು ಮುಗಿಯುವುದೇ ಇಲ್ಲ. ‘ನಿಮ್ಮದಕ್ಕೆ ಯಾವುದು ಹಾಕಿದ್ದೀರಿ? ಮುಲ್ಲಾರ್ಡಾ, ಟೆಲಿಫುಂಕನ್ನಾ?’ ಮುಲ್ಲಾರ್ಡ್ ಕಂಪನಿಯದು ಹಾಕಿದರೆ ಹಾಡುಗಾರನ ದನಿಗೆ ಮೈ ತುಂಬುತ್ತದೆ ಎಂದು ಒಬ್ಬರು. ಟೆಲಿಫುಂಕನ್ ಹಾಕಿದರೆ ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ಇನ್ನೊಬ್ಬರು. ಅರವತ್ತು ವರ್ಷ ಹಳೆಯ, ಹೆಬ್ಬೆರಳಿನಷ್ಟು ದಪ್ಪದ ಒಂದು ಗಾಜಿನ ಕೊಳವೆಗಾಗಿ ಸಂಬಳದ ದೊಡ್ಡ ಪಾಲನ್ನು ಸುರಿಯುವವರೂ ಇದ್ದಾರೆ. ಇದೆಲ್ಲ ಬರಿಯ ಭ್ರಮೆ ಎಂದು ನಗುವ ಎಂಜಿನಿಯರುಗಳೂ ಇದ್ದಾರೆ.

ವಾಲ್ವ್ ಬದಲಿಸಿದರೆ ದನಿ ಬದಲಾಗುವುದು ನಿಜ. ಎಷ್ಟು ಬದಲಾಗುತ್ತದೆ, ಯಾವ ಬಗೆಯಲ್ಲಿ ಬದಲಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಗಾಜಿನ ಮೇಲೆ ಅಚ್ಚಾದ ಹೆಸರಿಗಿಂತ ಹೆಚ್ಚಾಗಿ ಆ ವಾಲ್ವ್ ಕೂತ ಜಾಗ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ. ಆದರೆ ಇದನ್ನು ಹೇಳಲು ಪ್ರಿಆಂಪಿನ ಮುಚ್ಚಳ ತೆಗೆಯಲೇಬೇಕು.

ಈ ಕತೆಯ ನಾಯಕ ಒಂದೇ ವಾಲ್ವ್. ಅಮೆರಿಕದವರು ಅದನ್ನು 12ಎಎಕ್ಸ್7 ಎಂದು ಕರೆದರು, ಯುರೋಪಿನವರು ಇಸಿಸಿ83 ಎಂದರು. ಆರ್‌ಸಿಎ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1947ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ತನ್ನನ್ನು ಮೂಲೆಗೆ ತಳ್ಳಬೇಕಾದ ದಾಯಾದಿ ಮೂರೇ ತಿಂಗಳಲ್ಲಿ ಹುಟ್ಟಿದರೂ 12ಎಎಕ್ಸ್7 ಇವತ್ತಿಗೂ ತಯಾರಾಗುತ್ತಿದೆ. 1947ರ ನಂತರದ ಹತ್ತು ಹದಿನೈದು ವರ್ಷಗಳ ಹೆಸರಾಂತ ಪ್ರಿಆಂಪುಗಳಲ್ಲಿ ಇದೇ ತುಂಬಿಕೊಂಡಿತ್ತು. 1958ರ ಮಾರಾಂಟ್ಸ್ 7ರಲ್ಲಿ ಆರು, ಮ್ಯಾಕಿಂಟಾಷ್ ಸಿ22ರಲ್ಲೂ ಆರು. ಡೇವಿಡ್ ಹಾಫ್ಲರ್ ಅವರ ಡೈನಾಕೊ ಕಂಪನಿ ಮನೆಯಲ್ಲೇ ಜೋಡಿಸಿಕೊಳ್ಳಲು ಕಿಟ್ ಆಗಿಯೂ ಮಾರುತ್ತಿದ್ದ ಪಿಎಎಸ್-3ರಲ್ಲಿ ನಾಲ್ಕು. ಇಂಗ್ಲೆಂಡಿನ ಕ್ವಾಡ್ 22ರಲ್ಲಿ ಎರಡು, ಜೊತೆಗೆ ಇಎಫ್86 ಎಂಬ ಬೇರೆ ಬಗೆಯ ವಾಲ್ವ್, ಪೆಂಟೋಡ್, ಎರಡು.

ಒಂದು ಇಸಿಸಿ83ರ ಗಾಜಿನೊಳಗೆ ಎರಡು ಬೇರೆ ಬೇರೆ ಟ್ರಯೋಡುಗಳಿವೆ. ಪ್ರತಿಯೊಂದರ ನಡುವೆ ಒಂದು ನಿಕ್ಕಲ್ ಕೊಳವೆ. ಅದರ ಮೈಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಬಿಳಿ ಲೇಪ. ಇದು ಕ್ಯಾಥೋಡ್. ಅದರ ಹೊಟ್ಟೆಯೊಳಗಿನ ಹೀಟರ್ ಕೆಂಪಗೆ ಕಾದರೆ ಲೇಪದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಹೊರಗಿನ ಪ್ಲೇಟಿಗೆ ಇನ್ನೂರು ಚಿಲ್ಲರೆ ವೋಲ್ಟ್ ಕೊಟ್ಟಿರುವುದರಿಂದ ಅವೆಲ್ಲ ಅತ್ತ ಓಡುತ್ತವೆ. ನಡುವೆ ಕೂದಲಿಗಿಂತ ತೆಳುವಾದ ತಂತಿ ಸುತ್ತಿದ ಗ್ರಿಡ್ ಇದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಈ ಮೂರನೆಯದನ್ನು ತಂದಿಟ್ಟಮೇಲೆಯೇ ವಾಲ್ವಿಗೆ ದನಿ ದೊಡ್ಡದು ಮಾಡುವ ಶಕ್ತಿ ಬಂದದ್ದು. ಗ್ರಿಡ್ಡು ಕೆರೆಯ ತೂಬಿನ ಹಾಗೆ: ತೂಬನ್ನು ಬೆರಳಿನಷ್ಟು ಎತ್ತಲು ಬೇಕಾದ ಬಲ ಸಣ್ಣದು, ಅದರಿಂದ ಗದ್ದೆಗೆ ಹರಿಯುವ ನೀರು ದೊಡ್ಡದು. ರೆಕಾರ್ಡಿನ ಮುಳ್ಳಿನಿಂದ ಬಂದ ಸಣ್ಣ ವೋಲ್ಟೇಜು ಗ್ರಿಡ್ಡನ್ನು ಅಲುಗಿಸುತ್ತದೆ, ಪ್ಲೇಟಿನಲ್ಲಿ ಅದರದೇ ದೊಡ್ಡ ರೂಪ ಕಾಣಿಸಿಕೊಳ್ಳುತ್ತದೆ.

ಎಷ್ಟು ದೊಡ್ಡ ರೂಪ ಎಂಬುದು ವಾಲ್ವಿನ ಜಾತಿಗೆ ಸೇರಿದ್ದು. ಇಸಿಸಿ83ರ ವರ್ಧನಾಂಕ 100. ಅದೇ ಸಾಕೆಟ್ಟಿಗೆ ಕೂರುವ 5751ರದು 70, ಇಸಿಸಿ81ರದು 60, ಇಸಿಸಿ82ರದು ಇಪ್ಪತ್ತಕ್ಕಿಂತ ಕಡಿಮೆ. ಪ್ಲೇಟಿಗೆ ಒಂದು ಲಕ್ಷ ಓಮಿನ ರೆಸಿಸ್ಟರ್ ಇರುವ ಮಾಮೂಲಿ ಸರ್ಕ್ಯೂಟಿನಲ್ಲಿ ಇಸಿಸಿ83 ಸಂಕೇತವನ್ನು ಸುಮಾರು 60 ಪಟ್ಟು ಹಿಗ್ಗಿಸಿದರೆ 5751 ಸುಮಾರು 44 ಪಟ್ಟು, ಇಸಿಸಿ82 ಸುಮಾರು 16 ಪಟ್ಟು ಹಿಗ್ಗಿಸುತ್ತದೆ. 83 ತೆಗೆದು 5751 ಹಾಕಿ ‘ದನಿ ಹಿತವಾಯಿತು, ಒರಟುತನ ಹೋಯಿತು’ ಎನ್ನುವವರಿಗೆ ಮೊದಲು ಕೇಳಬೇಕಾದ ಪ್ರಶ್ನೆ: ವಾಲ್ಯೂಮನ್ನು ಮತ್ತೆ ಹೊಂದಿಸಿಕೊಂಡು ಕೇಳಿದಿರಾ? ಹೆಚ್ಚುಕಡಿಮೆ 3 ಡೆಸಿಬೆಲ್ ಇಳಿದದ್ದೇ ಹಿತವಾಗಿದ್ದರೆ, ಅದಕ್ಕೆ ವಾಲ್ಯೂಮಿನ ಗುಂಡಿ ಸಾಕಿತ್ತು.

ಇನ್ನು ಜಾಗದ ಮಾತು. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಹೆಚ್ಚೆಂದರೆ ಐದು ಮಿಲಿವೋಲ್ಟ್ ಆಸುಪಾಸು. ಅದನ್ನು ಮೊದಲು ಹಿಡಿಯುವುದು ಪ್ರಿಆಂಪಿನಲ್ಲಿ ರೆಕಾರ್ಡಿಗೆಂದೇ ಇರುವ ಫೋನೋ ಹಂತದ ಮೊದಲ ಟ್ರಯೋಡ್. ಅಲ್ಲಿ ವಾಲ್ವ್ ತಾನಾಗಿ ಏನು ಸದ್ದು ಮಾಡಿದರೂ ಅದು ಹಾಡಿನ ಜೊತೆಗೇ ಮುಂದಿನ ಎಲ್ಲ ಹಂತಗಳಲ್ಲಿ ಹಿಗ್ಗುತ್ತ ಹೋಗುತ್ತದೆ. ಸಾಲದ್ದಕ್ಕೆ ಆರ್‌ಐಎಎ ಸರಿದೂಗಿಕೆ ಬೇರೆ. ಎಲ್‌ಪಿ ಕೆತ್ತುವಾಗ ಗೆರೆ ಗೆರೆಗೆ ತಾಗದಿರಲೆಂದು ಕೆಳಸ್ವರಗಳನ್ನು ಕುಗ್ಗಿಸಿ, ಮೇಲಿನವನ್ನು ಹಿಗ್ಗಿಸಿ ಕೆತ್ತುತ್ತಾರೆ. ನುಡಿಸುವಾಗ ಪ್ರಿಆಂಪು ಅದನ್ನು ತಿರುಗಿಸಿ ಸರಿಮಾಡಬೇಕು. 1954ರಿಂದ ಇದಕ್ಕೆ ಒಂದೇ ಅಳತೆ ರೂಢಿಗೆ ಬಂತು. ಅದರ ಪ್ರಕಾರ 1000 ಹರ್ಟ್ಸಿಗೆ ಹೋಲಿಸಿದರೆ 50 ಹರ್ಟ್ಸಿನ ಸದ್ದು ಏಳು ಪಟ್ಟು ಹೆಚ್ಚು ಹಿಗ್ಗುತ್ತದೆ. ನಮ್ಮ ಮನೆಯ ಕರೆಂಟು ಮಿಡಿಯುವುದು 50 ಹರ್ಟ್ಸಿನಲ್ಲೇ! ಹೀಟರಿನಿಂದ ಕ್ಯಾಥೋಡಿಗೆ ಒಂದಿಷ್ಟು ಕರೆಂಟು ಸೋರುವ ವಾಲ್ವ್ ಈ ಜಾಗದಲ್ಲಿ ಕೂತರೆ ‘ಗುಂಯ್’ ಎನ್ನುವ ಸದ್ದು ಹಾಡಿನ ತಳದಲ್ಲಿ ಬಿಡದೆ ಕೂರುತ್ತದೆ. ಅದೇ ವಾಲ್ವನ್ನು ತೆಗೆದು ಕೊನೆಯ ಲೈನ್ ಹಂತಕ್ಕೆ ಹಾಕಿ ನೋಡಿ, ಸದ್ದಿನ ಸುಳಿವೂ ಸಿಗದಿರಬಹುದು. ಅಲ್ಲಿ ಒಳಬರುವ ಸಂಕೇತವೇ ನೂರು ಪಟ್ಟು ದೊಡ್ಡದು.

ಮೊದಲ ಜಾಗದ ಇನ್ನೊಂದು ಕಾಟ ಮೈಕ್ರೋಫೋನಿಕ್ಸ್. ಗ್ರಿಡ್ಡಿನ ತಂತಿ ಕೂದಲೆಳೆಯಷ್ಟು ಸಡಿಲವಾಗಿದ್ದರೂ ಸಾಕು, ಯಾರಾದರೂ ನಡೆದಾಡಿದರೆ, ಸ್ಪೀಕರಿನ ಗಾಳಿ ಬಡಿದರೆ ಅದು ಕಂಪಿಸುತ್ತದೆ. ಗ್ರಿಡ್ಡು ಕಂಪಿಸಿದರೆ ಕರೆಂಟು ಕಂಪಿಸಿತು, ಕರೆಂಟು ಕಂಪಿಸಿದರೆ ಸ್ಪೀಕರಿನಲ್ಲಿ ಸದ್ದಾಯಿತು, ಆ ಸದ್ದು ಮತ್ತೆ ವಾಲ್ವಿಗೆ ಬಡಿಯಿತು. ಹಾಡಿಲ್ಲದಾಗ ಪೆನ್ಸಿಲಿನ ರಬ್ಬರ್ ತುದಿಯಿಂದ ವಾಲ್ವಿನ ನೆತ್ತಿಯನ್ನು ಮೆಲ್ಲಗೆ ತಟ್ಟಿದರೆ ಸ್ಪೀಕರಿನಲ್ಲಿ ‘ಟಣ್’ ಎಂದು ಕೇಳಿಸುತ್ತದೆ. ಸ್ವಲ್ಪ ಕೇಳಿಸುವುದು ಸಹಜ. ಟಣ್ಣೆಂದ ಮೇಲೆ ಗಂಟೆಯ ಹಾಗೆ ಎಳೆದುಕೊಂಡು ಹೋದರೆ ಆ ವಾಲ್ವ್ ಮೊದಲ ಸಾಕೆಟ್ಟಿಗೆ ಲಾಯಕ್ಕಲ್ಲ. ವಾಲ್ವ್ ದನಿಗೆ ‘ಆಳ’ ಇದೆ, ‘ಗಾಳಿಯಾಡುತ್ತದೆ’ ಎಂದು ಕೆಲವರು ಹೊಗಳುವುದರಲ್ಲಿ ಒಂದು ಪಾಲು ಈ ಸಣ್ಣ ಅನುರಣನವೇ ಇರಬಹುದೆಂದು ನನಗೆ ಗುಮಾನಿ. ಹಿತವಾಗಿದ್ದರೆ ಇಟ್ಟುಕೊಳ್ಳಲಿ, ನನ್ನದೇನೂ ತಕರಾರಿಲ್ಲ.

ಹಿತದ ಮಾತು ಬಂದದ್ದರಿಂದ ಡಿಸ್ಟಾರ್ಷನ್ ವಿಚಾರಕ್ಕೆ ಬರೋಣ. ಯಾವ ಟ್ರಯೋಡೂ ಸಂಕೇತವನ್ನು ಪೂರ್ತಿ ಇದ್ದ ಹಾಗೇ ದೊಡ್ಡದು ಮಾಡುವುದಿಲ್ಲ, ತನ್ನದೊಂದಿಷ್ಟು ಸೇರಿಸುತ್ತದೆ. ಟ್ರಯೋಡ್ ಸೇರಿಸುವುದು ಹೆಚ್ಚಾಗಿ ಎರಡನೆಯ ಹಾರ್ಮೋನಿಕ್. ಸಂಗೀತ ಬಲ್ಲ ಕೇಳುಗರಿಗೆ ಇದನ್ನು ಹೇಳುವುದು ಸುಲಭ: ಮಂದ್ರ ಷಡ್ಜ ಹಾಡಿದರೆ ಎರಡನೆಯ ಹಾರ್ಮೋನಿಕ್ ಮಧ್ಯ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ. ತಂಬೂರಿಯ ಒಂದೊಂದು ತಂತಿಯಲ್ಲೂ ಇವೇ ತುಂಬಿಕೊಂಡಿರುತ್ತವೆ. ಮೇಲಿನ ಷಡ್ಜ ಒಂದಿಷ್ಟು ಬೆರೆತರೆ ಕಿವಿಗೆ ಅದು ತಪ್ಪಾಗಿ ಕೇಳುವುದಿಲ್ಲ, ದನಿ ದಪ್ಪವಾದಂತೆ ಕೇಳುತ್ತದೆ. ಏಳನೆಯದು, ಒಂಬತ್ತನೆಯದು ಬೆರೆತಾಗ ಮಾತ್ರ ಕಿವಿ ಹುಬ್ಬು ಗಂಟಿಕ್ಕುತ್ತದೆ. ವಾಲ್ವಿಂದ ವಾಲ್ವಿಗೆ ಈ ಎರಡನೆಯ ಹಾರ್ಮೋನಿಕ್ಕಿನ ಪಾಲು ಹೆಚ್ಚುಕಡಿಮೆ ಆಗುವುದು ಅಳೆದರೆ ಕಾಣುತ್ತದೆ. ಪ್ರಿಆಂಪಿನಂಥ ಸಣ್ಣ ಸಂಕೇತದ ಕಡೆ ಅದು ಎಷ್ಟು ಕಡಿಮೆ ಪ್ರಮಾಣದ್ದು ಎಂಬುದನ್ನೂ ಮರೆಯಬಾರದು.

ಮಾರಾಂಟ್ಸ್ 7ರ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಾಲ್ ಮಾರಾಂಟ್ಸ್ ಅವರಿಗಾಗಿ ಸಿಡ್ನಿ ಸ್ಮಿತ್ ರೂಪಿಸಿದ ಈ ಪ್ರಿಆಂಪಿನ ಫೋನೋ ಹಂತದಲ್ಲಿ ಮೂರು ಟ್ರಯೋಡುಗಳು ಒಂದರ ಹಿಂದೊಂದು ನಿಂತಿವೆ. ಕೊನೆಯದರಿಂದ ಸಂಕೇತದ ಒಂದು ಪಾಲನ್ನು ಮತ್ತೆ ಮೊದಲನೆಯದಕ್ಕೆ ತಿರುಗಿಸಿ ಕೊಡಲಾಗಿದೆ. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಆರ್‌ಐಎಎ ಸರಿದೂಗಿಕೆಯೂ ಈ ದಾರಿಯಲ್ಲೇ ನಡೆಯುತ್ತದೆ. ಇದರ ಪರಿಣಾಮವೆಂದರೆ ವಾಲ್ವ್ ತುಸು ಜಾಸ್ತಿ ಹಿಗ್ಗಿಸಿದರೆ ಫೀಡ್‌ಬ್ಯಾಕೂ ಜಾಸ್ತಿಯಾಗಿ ಅದನ್ನು ಕುಗ್ಗಿಸುತ್ತದೆ, ಕಡಿಮೆಯಾದರೆ ಸಡಿಲ ಬಿಡುತ್ತದೆ. ಒಟ್ಟು ಗೇನನ್ನು, ಅಂದರೆ ಸಂಕೇತ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದನ್ನು, ತೀರ್ಮಾನಿಸುವುದು ವಾಲ್ವಲ್ಲ, ರೆಸಿಸ್ಟರು ಕೆಪಾಸಿಟರುಗಳು. ವಾಲ್ವ್ ಬದಲಾದರೂ ದನಿ ಬದಲಾಗಬಾರದು ಎಂಬುದೇ ಅಂದಿನ ಎಂಜಿನಿಯರುಗಳ ಗುರಿ. ರಿಪೇರಿಗೆ ಬಂದ ಸೆಟ್ಟಿಗೆ ಅಂಗಡಿಯವನು ಯಾವ ಕಂಪನಿಯ ವಾಲ್ವ್ ಹಾಕುತ್ತಾನೋ ಯಾರಿಗೆ ಗೊತ್ತು? ಯಾವುದು ಹಾಕಿದರೂ ಅದು ಮಾರಾಂಟ್ಸಿನ ಹಾಗೇ ನುಡಿಯಬೇಕಿತ್ತು. ಇವತ್ತು ಅದೇ ಮಾರಾಂಟ್ಸಿನಲ್ಲಿ ಆರು ಸಾಕೆಟ್ಟಿಗೂ ಒಂದೊಂದು ದಿನ ಒಂದೊಂದು ವಾಲ್ವ್ ಹಾಕಿ ಭೂಮಿ ಆಕಾಶದ ಅಂತರ ಕೇಳಿತು ಎನ್ನುವವರನ್ನು ನಾನು ಪೂರ್ತಿ ನಂಬಲಾರೆ. ಫೀಡ್‌ಬ್ಯಾಕ್ ಇಲ್ಲದ, ಈಚಿನ ಹವ್ಯಾಸಿಗಳು ಇಷ್ಟಪಡುವ ಸರಳ ಸರ್ಕ್ಯೂಟುಗಳಲ್ಲಿ ಅಂತರ ಕೇಳಿತು ಎಂದರೆ ನಂಬುತ್ತೇನೆ.

ಕೆಲವು ಕಡೆ ಅಂತರ ಗಣಿತಕ್ಕೂ ಸಿಗುತ್ತದೆ. ಕಾಗದ ಪೆನ್ಸಿಲು ಹತ್ತಿರವಿದ್ದರೆ ತೆಗೆದುಕೊಳ್ಳಿ. ಇಸಿಸಿ83ರ ಗ್ರಿಡ್ಡಿಗೂ ಪ್ಲೇಟಿಗೂ ನಡುವಿನ ಕೆಪಾಸಿಟೆನ್ಸ್ 1.7 ಪಿಕೋಫ್ಯಾರಡ್, ಇಲ್ಲವೆನ್ನುವಷ್ಟು ಕಡಿಮೆ. ಆದರೆ ವಾಲ್ವ್ ಅರವತ್ತು ಪಟ್ಟು ಹಿಗ್ಗಿಸುವಾಗ ಒಳಬರುವ ಸಂಕೇತಕ್ಕೆ ಅದು ಅರವತ್ತೊಂದು ಪಟ್ಟು, ಅಂದರೆ ನೂರು ಪಿಕೋಫ್ಯಾರಡಿಗೂ ಹೆಚ್ಚಾಗಿ ಕಾಣುತ್ತದೆ. ಇದನ್ನು ಮಿಲ್ಲರ್ ಪರಿಣಾಮ ಎನ್ನುತ್ತಾರೆ. ಈ ವಾಲ್ವಿನ ಮುಂದೆ ಒಂದು ಮೆಗಾಓಮಿನ ವಾಲ್ಯೂಮ್ ಕಂಟ್ರೋಲ್ ಇದ್ದು, ಅದು ಸಂಕೇತವನ್ನು ಅರ್ಧಕ್ಕಿಳಿಸುವ ಜಾಗದಲ್ಲಿದ್ದರೆ ದಾರಿಯಲ್ಲಿ ಎರಡೂವರೆ ಲಕ್ಷ ಓಮಿನ ತಡೆ ಸಿಗುತ್ತದೆ. ಎರಡೂ ಸೇರಿ 6000 ಹರ್ಟ್ಸಿನ ಆಸುಪಾಸಿನಿಂದಲೇ ಮೇಲಿನ ಸ್ವರಗಳನ್ನು ಕಡಿಯತೊಡಗುತ್ತವೆ. ಅದೇ ಸಾಕೆಟ್ಟಿಗೆ ಇಸಿಸಿ82 ಹಾಕಿ. ಗೇನು ಕಡಿಮೆ, ಮಿಲ್ಲರ್ ಪರಿಣಾಮವೂ ಕಡಿಮೆ, ಆ ಕಡಿತ 20,000 ಹರ್ಟ್ಸಿನತ್ತ ಸರಿಯುತ್ತದೆ. ತಾಳದ ಕಿಣಿಕಿಣಿ, ಮೃದಂಗದ ಬಲಗಡೆಯ ಪೆಟ್ಟು ಚುರುಕಾಗಿ ಕೇಳಿಸುವುದು ಭ್ರಮೆಯಲ್ಲ. ಅದು ಇಸಿಸಿ82ರ ಗುಣವಲ್ಲ, ಆ ವಾಲ್ಯೂಮ್ ಕಂಟ್ರೋಲಿನ ದೋಷ ಅಷ್ಟೆ. ಒಂದು ಲಕ್ಷ ಓಮಿನ ಕಂಟ್ರೋಲ್ ಹಾಕಿದ್ದರೆ 83ರಲ್ಲೇ ಆ ಚುರುಕು ಸಿಗುತ್ತಿತ್ತು, ಹಿಂದಿನ ಹಂತಕ್ಕೆ ಅದನ್ನು ಹೊರುವ ಶಕ್ತಿ ಇದ್ದಲ್ಲಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಒಂಬತ್ತು ಪಿನ್ನಿನ ವಾಲ್ವುಗಳೆಲ್ಲ ಒಂದೇ ಸಾಕೆಟ್ಟಿಗೆ ಕೂರುತ್ತವೆ, ಹಾಗೆಂದು ಕೂರಿಸಬಾರದು. ಇಸಿಸಿ81, 82, 83ರ ಹೀಟರನ್ನು 12.6 ವೋಲ್ಟಿಗೂ ಜೋಡಿಸಬಹುದು, 6.3 ವೋಲ್ಟಿಗೂ ಜೋಡಿಸಬಹುದು. ಇಸಿಸಿ88ಕ್ಕೆ 6.3 ಮಾತ್ರ, ಪಿನ್ನುಗಳ ಜೋಡಣೆಯೂ ಬೇರೆ. 12.6 ವೋಲ್ಟಿಗೆ ಜೋಡಿಸಿದ ಸಾಕೆಟ್ಟಿಗೆ ಅದನ್ನು ಹಾಕಿದರೆ ಹೀಟರಿಗೆ ಎರಡರಷ್ಟು ವೋಲ್ಟೇಜು ಬಿದ್ದು ದುಡ್ಡು ಸುಟ್ಟಂತೆ. 12ಬಿಎಚ್7 ಪಿನ್ನುಗಳ ಲೆಕ್ಕದಲ್ಲಿ ಹೊಂದುತ್ತದೆ, ಆದರೆ 83ರ ಎರಡರಷ್ಟು ಹೀಟರ್ ಕರೆಂಟು ಎಳೆಯುತ್ತದೆ, ಟ್ರಾನ್ಸ್‌ಫಾರ್ಮರ್ ಕಾಯತೊಡಗುತ್ತದೆ. ಮುಚ್ಚಳ ತೆಗೆಯುವ ಮೊದಲು ಪ್ಲಗ್ಗನ್ನು ಗೋಡೆಯಿಂದಲೇ ಕೀಳಿ. ಒಳಗಿನ ಕೆಪಾಸಿಟರುಗಳು ಸ್ವಿಚ್ ಆರಿದ ಮೇಲೂ ಇನ್ನೂರು ಮುನ್ನೂರು ವೋಲ್ಟ್ ಹಿಡಿದುಕೊಂಡಿರಬಲ್ಲವು. ವಾಲ್ವ್ ತಣ್ಣಗಾದ ಮೇಲೆ ನೇರ ಮೇಲಕ್ಕೆ ಎಳೆಯಿರಿ. ಜೋರಾಗಿ ಅಲ್ಲಾಡಿಸಿದರೆ ಪಿನ್ನಿನ ಬುಡದ ಗಾಜು ಬಿರಿಯುತ್ತದೆ.

ಇನ್ನು ಹೆಸರಿನ ವ್ಯಾಪಾರ. ಗಾಜಿನ ಮೇಲಿನ ಬಿಳಿ ಅಕ್ಷರ ಮಾರಿದವರ ಹೆಸರನ್ನು ಹೇಳುತ್ತದೆ, ಮಾಡಿದವರದನ್ನಲ್ಲ. ಅಮೆರಿಕದ ಕಂಪನಿಗಳು ಒಂದರಿಂದೊಂದು ವಾಲ್ವ್ ಕೊಂಡು ತಮ್ಮ ಹೆಸರು ಬಳಿದು ಮಾರುತ್ತಿದ್ದವು. ಮುಲ್ಲಾರ್ಡ್ ಫಿಲಿಪ್ಸಿನದೇ ಕಂಪನಿ, ಆಂಪೆರೆಕ್ಸ್ ಅಮೆರಿಕದಲ್ಲಿ ಫಿಲಿಪ್ಸಿನ ಹೆಸರು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯಲ್ಲಿ ತಯಾರಾದ ವಾಲ್ವ್ ಆಂಪೆರೆಕ್ಸ್ ಎಂದೂ ಮಾರಾಟವಾಗಿದೆ, ಹಾಲೆಂಡಿನ ಹೇರ್ಲೆನ್‌ನಲ್ಲಿ ಹುಟ್ಟಿದ್ದು ಬೇರೆ ಹೆಸರುಗಳಲ್ಲೂ ಹೋಗಿದೆ. ಮೂಲ ತಿಳಿಯಬೇಕಾದರೆ ಬುಡದ ಹತ್ತಿರ ಗಾಜಿನಲ್ಲಿ ಮಸುಕಾಗಿ ಕೊರೆದ ಎರಡು ಸಾಲಿನ ಸಂಕೇತವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಅಲ್ಲಿ ‘ಬಿ’ ಇದ್ದರೆ ಬ್ಲ್ಯಾಕ್‌ಬರ್ನ್, ಪುಟ್ಟ ತ್ರಿಕೋನ ಇದ್ದರೆ ಹೇರ್ಲೆನ್. ಟೆಲಿಫುಂಕನ್ ತನ್ನ ವಾಲ್ವುಗಳ ತಳದಲ್ಲಿ, ಪಿನ್ನುಗಳ ನಡುವೆ, ಗಾಜಿನಲ್ಲೇ ಒಂದು ವಜ್ರಾಕೃತಿಯ ಅಚ್ಚು ಹಾಕುತ್ತಿತ್ತು. ಮೇಲಿನ ಹೆಸರನ್ನು ಒರೆಸಿ ಬೇರೆ ಬಳಿಯುವುದು ಸುಲಭ, ತಳದ ಅಚ್ಚನ್ನು ಹುಟ್ಟಿಸುವುದು ಕಷ್ಟ.

ಬೆಂಗಳೂರೂ ಈ ಕತೆಯಲ್ಲಿದೆ. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮೆಲ್ಲರ ಬಾಯಲ್ಲಿ ಬಿಇಎಲ್, 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. 1964ರಿಂದ ಆಕಾಶವಾಣಿಗೆ ಟ್ರಾನ್ಸ್‌ಮಿಟರುಗಳನ್ನೂ ಮಾಡಿಕೊಟ್ಟಿತು. ಅಂದರೆ ಪ್ರಸಾರವಾಗುವ ತುದಿಗೂ ಕೇಳುವ ತುದಿಗೂ ಜಾಲಹಳ್ಳಿಯ ಸರಕು ತಲುಪಿತ್ತು. ಬಿಇಎಲ್ ಎಂದು ಬರೆದ ವಾಲ್ವುಗಳು ಇವತ್ತು ಪರದೇಶದ ಹವ್ಯಾಸಿಗಳ ಪೆಟ್ಟಿಗೆಗಳಲ್ಲೂ ಸಿಗುತ್ತವೆ. ನಮ್ಮಲ್ಲಿ ಅವನ್ನು ಹಳೆಯ ರೇಡಿಯೋದ ಜೊತೆ ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿ, ಮುಲ್ಲಾರ್ಡ್ ಹೆಸರಿಗೆ ಹತ್ತಾರು ಪಟ್ಟು ಕೊಟ್ಟು ತರಿಸಿಕೊಳ್ಳುತ್ತೇವೆ.

ಹೊಸ ವಾಲ್ವುಗಳು ಬರುವುದು ಮುಖ್ಯವಾಗಿ ಮೂರು ದೇಶಗಳಿಂದ: ಸ್ಲೊವಾಕಿಯಾದ ಜೆಜೆ ಕಂಪನಿ, ರಷ್ಯದ ಸರಾಟೊವ್ ನಗರದ ಕಾರ್ಖಾನೆ, ಮತ್ತೆ ಚೀನಾ. ಸರಾಟೊವಿನ ಒಂದೇ ಕಾರ್ಖಾನೆಯಿಂದ ಟಂಗ್‌ಸಾಲ್, ಮುಲ್ಲಾರ್ಡ್, ಗೋಲ್ಡ್ ಲಯನ್ ಎಂಬ ಹಳೆಯ ದೊಡ್ಡ ಹೆಸರುಗಳೆಲ್ಲ ಹೊಸ ಡಬ್ಬಿಗಳಲ್ಲಿ ಹೊರಬೀಳುತ್ತವೆ. 2022ರ ಮಾರ್ಚಿನಲ್ಲಿ ರಷ್ಯ ರಫ್ತು ತಡೆದಾಗ ಲೋಕದ ಗಿಟಾರು ಆಂಪಿನವರೂ ಹೈಫೈನವರೂ ಒಟ್ಟಿಗೆ ಕಂಗಾಲಾದರು. ಗಿಟಾರಿನವರು ಕೊಳ್ಳುತ್ತಿರುವುದರಿಂದಲೇ ನಮಗೆ ಇಸಿಸಿ83 ಸಿಗುತ್ತಿದೆ ಎಂಬುದನ್ನು ಹೈಫೈ ಮಂದಿ ಒಪ್ಪಿಕೊಳ್ಳುವುದು ಕಡಿಮೆ.

ಇಷ್ಟು ಕೇಳಿದ ಮೇಲೂ ಬದಲಿಸಿ ನೋಡುವ ಆಸೆ ಇದ್ದೇ ಇರುತ್ತದೆ. ನೋಡಿ. ಆದರೆ ಕಿವಿಯ ನೆನಪು ಕೆಲವೇ ಕ್ಷಣಗಳದು. ಸ್ವಿಚ್ ಆರಿಸಿ, ವಾಲ್ವ್ ಆರುವ ತನಕ ಕಾದು, ಬೇರೆ ಹಾಕಿ, ಮತ್ತೆ ಕಾಯಿಸುವಷ್ಟರಲ್ಲಿ ಹಿಂದಿನ ದನಿ ಮರೆತಿರುತ್ತದೆ, ಕೊಟ್ಟ ದುಡ್ಡು ಮಾತ್ರ ನೆನಪಿರುತ್ತದೆ. ಅದಕ್ಕೊಂದು ಉಪಾಯವಿದೆ. ಪ್ರಿಆಂಪಿನಿಂದ ಹೊರಬರುವ ಸಂಕೇತವನ್ನು ಒಂದೊಂದು ವಾಲ್ವಿಗೂ ಒಂದೊಂದು ಸಲ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದೇ ಎಲ್‌ಪಿ, ಅದೇ ಹಾಡು. ಎರಡರ ಮಟ್ಟವನ್ನೂ 1000 ಹರ್ಟ್ಸಿನ ಪರೀಕ್ಷಾ ಸ್ವರವನ್ನಿಟ್ಟು ಸರಿಸಮ ಮಾಡಿ, 0.1 ಡೆಸಿಬೆಲ್ ಕೂಡ ಹೆಚ್ಚುಕಡಿಮೆ ಆಗದಂತೆ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಯಾವಾಗಲೂ ತೀರ್ಪು ಕೊಡುತ್ತದೆ, ಜೋರಾಗಿದೆ ಎಂದು ಹೇಳುವುದೇ ಇಲ್ಲ. ಆಮೇಲೆ ಮನೆಯವರ ಕೈಲಿ ಹಿಂದುಮುಂದು ಮಾಡಿ ಹಾಕಿಸಿಕೊಂಡು, ಯಾವುದು ಯಾವುದೆಂದು ಗುರುತು ಹಿಡಿಯಿರಿ. ಮನೆಯವರಿಗೆ ಇದರಲ್ಲಿ ಸಿಗುವ ಸಂತೋಷವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದುಡ್ಡು ಹಾಕುವುದಾದರೆ ಫೋನೋದ ಮೊದಲ ಸಾಕೆಟ್ಟಿಗೆ ಹಾಕಿ. ಸದ್ದು ಕಡಿಮೆ ಇರುವುದು, ತಟ್ಟಿದರೆ ಅನುರಣಿಸದಿರುವುದು, ಒಳಗಿನ ಎರಡೂ ಟ್ರಯೋಡುಗಳು ಸರಿಸಮನಾಗಿರುವುದು, ಈ ಮೂರನ್ನು ಮಾರುವವರಿಂದ ಕೇಳಿ ಅಳೆಯಿಸಿ ತನ್ನಿ. ಒಂದೇ ವಾಲ್ವಿನ ಎರಡು ಅರ್ಧಗಳು ಎಡ ಬಲ ಚಾನೆಲ್ಲುಗಳಿಗೆ ಹಂಚಿಹೋಗಿರುವ ಸರ್ಕ್ಯೂಟಾದರೆ ಸಮತೋಲ ತಪ್ಪಿದಾಗ ನಡುವೆ ನಿಲ್ಲಬೇಕಾದ ಹಾಡುಗಾರ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಯಾವ ಕಂಪನಿ ಎಂಬ ಪ್ರಶ್ನೆ ಇದೆಲ್ಲ ಆದಮೇಲೆ. ಒಂದೇ ಕಂಪನಿಯ, ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ವಾಲ್ವುಗಳ ನಡುವಿನ ಅಂತರವೇ ಎಷ್ಟೋ ಸಲ ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ಹೆಚ್ಚಿರುತ್ತದೆ.

ಕೊಳ್ಳುವ ಮೊದಲು ಅಟ್ಟದ ಮೇಲೊಮ್ಮೆ ನೋಡಿಕೊಳ್ಳಿ. ಹಳೆಯ ಮೈಕ್‌ಸೆಟ್ಟಿನ ಆಂಪ್ಲಿಫೈಯರು, ಸ್ಪೂಲ್ ಟೇಪ್‌ರೆಕಾರ್ಡರು, ರೇಡಿಯೋಗ್ರಾಮ್ ಯಾವುದಾದರೂ ಉಳಿದಿದ್ದರೆ ಅದರ ಮೊದಲ ಹಂತದಲ್ಲಿ ಇಸಿಸಿ83 ಇರುವ ಸಂಭವ ಉಂಟು. ನೆತ್ತಿಯ ಒಳಮೈಯಲ್ಲಿ ಕನ್ನಡಿಯಂಥ ಬೆಳ್ಳಿಯ ಕಲೆ ಇದೆಯೇ ನೋಡಿ. ಅದು ಒಳಗುಳಿದ ಅನಿಲವನ್ನು ಹೀರಲೆಂದು ಇಟ್ಟ ಬೇರಿಯಂ. ಅದು ಹಾಲಿನ ಬಿಳುಪಿಗೆ ತಿರುಗಿದ್ದರೆ ಗಾಳಿ ನುಗ್ಗಿದೆ, ಎಸೆಯಿರಿ. ಬೆಳ್ಳಿ ಉಳಿದಿದ್ದರೆ ಪಿನ್ನುಗಳನ್ನು ಒರೆಸಿ ಹಾಕಿ ನೋಡಿ. ಮೊದಲ ಸಾಕೆಟ್ಟಿನಲ್ಲಿ ಗುಂಯ್ಗುಟ್ಟಿದರೆ ಲೈನ್ ಹಂತಕ್ಕೆ ಇಳಿಸಿ, ಅಲ್ಲಿದ್ದ ಒಳ್ಳೆಯದನ್ನು ಮೇಲಕ್ಕೆ ತನ್ನಿ. ಕೊನೆಯ ಸಾಕೆಟ್ಟಿನಲ್ಲಿ ಆ ಮುದಿ ವಾಲ್ವ್ ಇನ್ನೂ ಹಲವು ವರ್ಷ ದುಡಿದೀತು.